ಮಂಗನ ಹೊಟ್ಟೆಯ ಹುಳು ನಮಗೂ ಬರುತ್ತದೆಯೇ?



ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಮಾತು ಎಲ್ಲಿಗೆ ಹೊರಳುತ್ತದೆ ಎಂದು ಹೇಳಬೇಕಾಗಿಲ್ಲ. ಮಂಗಗಳ ಕಾಟ! ಭದ್ರಾವತಿಯ ಪೇಪರ್ ಟೌನ್, ಜನ್ನಾಪುರದ ಸಂಘಗಳಿರಲಿ, ಶಿವಮೊಗ್ಗದ ಗಾಡಿಕೊಪ್ಪ, ಗೋಪಾಳದ ಸಂಘಗಳಿರಲಿ, ಎಲ್ಲ ಕಡೆ ಇದೇ ದೂರು. "ಸಿಸ್ಟರ್, ಹಪ್ಪಳ ಒಣಗಾಕೋ ಹಾಗಿಲ್ಲ, ಒಂದು ಗಳಿಗೆ ಆಚೆ ಹೋದ್ರೆ ಮುಗೀತು" ಎನ್ನುವವರು ಕೆಲವರು. "ಮಂಗನ ಕಾಯಿಲೆ ಪೇಟೆಗೂ ಬಂದುಬಿಡುತ್ತಾ?" ಎನ್ನುವವರು ಕೆಲವರು. ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಮಂಗದ ಹೊಟ್ಟೇಲಿ ತುಂಬ ಹುಳ ಇರ್ತವಂತೆ, ಅದು ನಮ್ಮ ಮಕ್ಕಳಿಗೂ ಬರುತ್ತಾ?"

ಈ ಕೊನೆಯ ಪ್ರಶ್ನೆಯನ್ನೇ ಈ ಸಲ ಎತ್ತಿಕೊಂಡಿದ್ದೇವೆ. ಚುಟುಕಾಗಿ ಹೇಳುವುದಾದರೆ, ಕೆಲವು ಹುಳುಗಳು ಬರಬಹುದು, ಹಲವು ಬರುವುದಿಲ್ಲ. ಮಕ್ಕಳ ಹೊಟ್ಟೆಯಲ್ಲಿ ಕಾಣುವ ಜಂತುಹುಳುಗಳಲ್ಲಿ ಬಹುಪಾಲು ಮನುಷ್ಯರಿಂದ ಮನುಷ್ಯರಿಗೆ ಬಂದದ್ದೇ ಹೊರತು ಮಂಗನಿಂದ ಬಂದದ್ದಲ್ಲ. ಆದರೂ ಮಂಗ ಇರುವ ಕಡೆ ನಾವು ಎಚ್ಚರ ತಪ್ಪಬಾರದು. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮಂಗನ ಕಾಯಿಲೆ ಬೇರೆ, ಹುಳುವಿನ ಕಾಯಿಲೆ ಬೇರೆ

ನಮ್ಮ ಜಿಲ್ಲೆಯಲ್ಲಿ "ಮಂಗ", "ಕಾಯಿಲೆ" ಎಂಬ ಎರಡು ಪದ ಒಟ್ಟಿಗೆ ಬಂದರೆ ಜನರಿಗೆ ಒಂದೇ ನೆನಪು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ, ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ ಬಂದಾಗ ಆ ರೋಗ ಪತ್ತೆಯಾಯಿತು. ಇವತ್ತಿಗೂ ಪ್ರಪಂಚದ ವೈದ್ಯ ಪುಸ್ತಕಗಳಲ್ಲಿ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ, ಕೆ.ಎಫ್.ಡಿ. ಅದು ವೈರಸ್‌ನಿಂದ ಬರುವ ರೋಗ. ಹರಡುವುದು ಕಾಡಿನ ಉಣುಗಿನ ಕಡಿತದಿಂದ. ಮಂಗನ ಮಲಕ್ಕೂ ಅದಕ್ಕೂ ಸಂಬಂಧವಿಲ್ಲ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಎಷ್ಟು ಮನೆಗಳನ್ನು ಅಳಿಸಿತು ಎಂಬುದು ನಮಗೆಲ್ಲ ಗೊತ್ತು.

ಇದನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ಎರಡನ್ನೂ ಒಂದೇ ಎಂದುಕೊಂಡರೆ ಎರಡು ಕಡೆಯಿಂದಲೂ ನಷ್ಟ. "ಹುಳದ ಮಾತ್ರೆ ತಗೊಂಡಿದೀನಿ, ಮಂಗನ ಕಾಯಿಲೆ ಬರಲ್ಲ" ಎಂದುಕೊಂಡು ಸೌದೆಗೆ, ದರಕಿಗೆ ಕಾಡಿಗೆ ಹೋದರೆ ಅದು ಜೀವಕ್ಕೇ ಅಪಾಯ. ಹುಳುವಿನ ಮಾತ್ರೆ ವೈರಸ್ಸನ್ನು ತಡೆಯುವುದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ಅದರ ಶಕ್ತಿ ಸಾಲದು ಎಂದು 2022ರಲ್ಲಿ ನಿಲ್ಲಿಸಲಾಯಿತು. ಹಾಗಾಗಿ ನವೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಜೋರು ಜ್ವರ, ತಲೆನೋವು, ಮೈಕೈ ಹಿಂಡಿದಂಥ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, "ಕಾಡಿಗೆ ಹೋಗಿದ್ದೆ" ಎಂದು ಬಾಯಿಬಿಟ್ಟು ಹೇಳಿ. ಸತ್ತ ಮಂಗ ಕಂಡರೆ, ಊರೊಳಗಾದರೂ ಸರಿ, ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ತಿಳಿಸಿ.

ಇನ್ನೊಂದು ನಷ್ಟ ಮಂಗಗಳಿಗೆ. ಓಣಿಯಲ್ಲಿ ಓಡಾಡುವ ಪ್ರತಿ ಮಂಗವೂ ಆ ರೋಗ ಹೊತ್ತು ತಂದಿದೆ ಎಂದು ಕಲ್ಲು ಬೀರುವುದು, ವಿಷ ಇಡುವುದು. 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಮೂವತ್ತಕ್ಕೂ ಹೆಚ್ಚು ಮಂಗಗಳನ್ನು ಕೊಂದು ಚೀಲದಲ್ಲಿ ತುಂಬಿ ರಸ್ತೆ ಬದಿ ಎಸೆದಿದ್ದರು. ಹೈಕೋರ್ಟೇ ತಾನಾಗಿ ಆ ವಿಚಾರ ಕೈಗೆತ್ತಿಕೊಳ್ಳಬೇಕಾಯಿತು. ಬೆಳೆ ಕಳೆದುಕೊಂಡವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೂ ಆ ಕೆಲಸ ಸರಿ ಎಂದು ನಾವು ಯಾವತ್ತೂ ಹೇಳಲಾರೆವು.

ನಮ್ಮ ಊರಿನ ಎರಡು ಮಂಗ

ಶಿವಮೊಗ್ಗ, ಭದ್ರಾವತಿಯ ಒಳಗೆ ನಮಗೆ ದಿನಾ ಕಾಣುವುದು ಕೆಂಪು ಮುಖದ, ತಲೆ ಮೇಲೆ ಬೈತಲೆ ತೆಗೆದಂತೆ ಕೂದಲಿರುವ ಕೋತಿ. ಊರಂಚಿನ ಮರಗಳಲ್ಲಿ ಕಪ್ಪು ಮುಖದ, ಉದ್ದ ಬಾಲದ ಮುಸಿಯ ಕಾಣುತ್ತದೆ. ಮುಸಿಯ ಹೆಚ್ಚಾಗಿ ಎಲೆ, ಚಿಗುರು, ಕಾಯಿ ತಿಂದುಕೊಂಡು ಮರದ ಮೇಲಿರುವ ಪ್ರಾಣಿ. ಕೋತಿ ಹಾಗಲ್ಲ. ನೆಲಕ್ಕಿಳಿಯುತ್ತದೆ, ಕಸದ ತೊಟ್ಟಿ ಕೆದಕುತ್ತದೆ, ದೇವಸ್ಥಾನದ ಬಳಿ ಬಾಳೆಹಣ್ಣಿಗೆ ಕಾಯುತ್ತದೆ, ಅಡುಗೆಮನೆಗೂ ನುಗ್ಗುತ್ತದೆ. ಹುಳುವಿನ ಮೊಟ್ಟೆಗಳಿರುವುದು ಮಣ್ಣಿನಲ್ಲಿ, ಕೊಳಕಿನಲ್ಲಿ. ಹಾಗಾಗಿ ನೆಲದ ಮೇಲೆ ತಿಂದು ತಿರುಗುವ ಪ್ರಾಣಿಗೆ ಅವು ಸಿಗುವ ಸಂದರ್ಭ ಜಾಸ್ತಿ.

ಕಾಡುಮಂಗಗಳ ಮಲವನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟು ನೋಡಿದಾಗ ಸಾಮಾನ್ಯವಾಗಿ ಸಿಗುವುದು ಚಾಟಿಹುಳು, ದುಂಡುಹುಳು, ದಾರದಂಥ ಸಣ್ಣ ಸ್ಟ್ರಾಂಜಿಲಾಯ್ಡಿಸ್ ಹುಳು, ಕರುಳಿನಲ್ಲಿ ಗಂಟು ಕಟ್ಟುವ ಗಂಟುಹುಳು ಮತ್ತು ಲಾಡಿಹುಳುಗಳ ಮೊಟ್ಟೆ ಅಥವಾ ಮರಿ. ಹೆಸರು ಕೇಳಿ ಗಾಬರಿಯಾಗಬೇಡಿ. ಕಾಡುಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಹುಳು ಇರುವುದು ಹೊಸ ವಿಷಯವಲ್ಲ, ಅವು ತಲೆತಲಾಂತರದಿಂದ ಒಟ್ಟಿಗೇ ಬದುಕಿವೆ.

ಆದರೆ ಇಲ್ಲೊಂದು ವಿಷಯ ಇದೆ, ನಮ್ಮನ್ನು ಯೋಚನೆಗೆ ಹಚ್ಚುವಂಥದ್ದು. ನಮ್ಮ ಶರಾವತಿ ಕಣಿವೆಯಲ್ಲೂ ಇರುವ ಸಿಂಗಳೀಕಗಳ ಬಗ್ಗೆ ತಮಿಳುನಾಡಿನ ಆನೆಮಲೈ ಬೆಟ್ಟಗಳಲ್ಲಿ ಹೈದರಾಬಾದಿನ ವಿಜ್ಞಾನಿಗಳು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಟ್ಟ ಕಾಡಿನೊಳಗಿನ ಗುಂಪುಗಳಿಗಿಂತ ಜನವಸತಿಯ ಹತ್ತಿರ, ತುಂಡಾದ ಕಾಡಿನಲ್ಲಿ ಇರುವ ಗುಂಪುಗಳಿಗೇ ಹುಳುವಿನ ಬಾಧೆ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಅಂದರೆ ನಾವು "ಮಂಗನಿಂದ ನಮಗೆ ಬರುತ್ತಾ" ಎಂದು ಕೇಳುತ್ತಿದ್ದೇವೆ. ಮಂಗಕ್ಕೆ ಬಾಯಿ ಇದ್ದಿದ್ದರೆ ಅದೂ ನಮ್ಮನ್ನು ಇದೇ ಪ್ರಶ್ನೆ ಕೇಳುತ್ತಿತ್ತು.

ಮೊಟ್ಟೆಯ ದಾರಿ

ಈ ಹುಳುಗಳು ಒಬ್ಬರಿಂದೊಬ್ಬರಿಗೆ ಜ್ವರ, ನೆಗಡಿಯ ಹಾಗೆ ಹಾರಿ ಹೋಗುವುದಿಲ್ಲ. ಮಂಗ ಪಕ್ಕದಲ್ಲಿ ಕೂತರೆ, ಅದರ ಉಸಿರು ತಾಗಿದರೆ ಹುಳು ಬರುವುದಿಲ್ಲ. ದುಂಡುಹುಳುವಿನ ಒಂದು ಹೆಣ್ಣು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. ಅವು ಮಲದ ಜೊತೆ ಹೊರಗೆ ಬೀಳುತ್ತವೆ. ಆದರೆ ಹೊರಗೆ ಬಿದ್ದ ಆ ದಿನವೇ ಅದನ್ನು ಯಾರಾದರೂ ನುಂಗಿದರೂ ಹುಳು ಆಗುವುದಿಲ್ಲ! ಮೊಟ್ಟೆ ತೇವದ, ನೆರಳಿನ ಮಣ್ಣಿನಲ್ಲಿ ಎರಡು ಮೂರು ವಾರ ಮಾಗಬೇಕು. ಚಾಟಿಹುಳುವಿನ ಮೊಟ್ಟೆಗೂ ಹೆಚ್ಚುಕಡಿಮೆ ಅಷ್ಟೇ ಕಾಲ. ಆಮೇಲೆ ಅದು ಕೈಗೆ, ಸೊಪ್ಪಿಗೆ, ಬಿದ್ದ ಹಣ್ಣಿಗೆ ಅಂಟಿ ಬಾಯಿ ಸೇರಿದರೆ ಒಳಗೆ ಮರಿಯಾಗುತ್ತದೆ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ನಮ್ಮ ಮಲೆನಾಡಿನ ಸೆರಗಿನ ಮಳೆ, ತೋಟದ ನೆರಳು ಅದಕ್ಕೆ ಹೇಳಿ ಮಾಡಿಸಿದಂತಿದೆ.

ಇದರಿಂದ ಒಂದು ಉಪಯೋಗದ ಮಾತು ಹೊರಡುತ್ತದೆ. ತಾರಸಿಯ ಮೇಲೆ ಬಿದ್ದ ಮಂಗನ ಹೊಲಸನ್ನು ಅವತ್ತೇ ತೆಗೆದುಬಿಟ್ಟರೆ ಹುಳುವಿನ ಕಥೆ ಅಲ್ಲಿಗೇ ಮುಗಿಯಿತು. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿಟ್ಟು, ಮಳೆಗೆ ಅದು ತೊಳೆದು ಕೈತೋಟದ ಕೊತ್ತಂಬರಿ ಮಡಿಗೆ ಇಳಿದರೆ ಆಗ ಅಪಾಯ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ತೆಗೆದು ಶೌಚಾಲಯದ ಗುಂಡಿಗೆ ಹಾಕಿ, ಜಾಗಕ್ಕೆ ಕುದಿಯುವ ನೀರು ಹುಯ್ಯಿರಿ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಹಾಕಿದರೆ ವಾಸನೆ ಹೋಗುತ್ತದೆ, ಕೆಲವು ರೋಗಾಣು ಸಾಯುತ್ತವೆ, ಆದರೆ ದುಂಡುಹುಳುವಿನ ಮೊಟ್ಟೆಯ ಗಟ್ಟಿ ಕವಚಕ್ಕೆ ಅದು ಲೆಕ್ಕಕ್ಕಿಲ್ಲ. ಅದಕ್ಕೆ ಬಿಸಿಯೇ ಮದ್ದು. ಹಾಗಂತ ಹಸಿ ಹೊಲಸು ನಿರಪಾಯ ಎಂದುಕೊಳ್ಳಬೇಡಿ. ಭೇದಿ, ಆಮಶಂಕೆ ತರುವ ರೋಗಾಣುಗಳಿಗೆ ವಾರಗಟ್ಟಲೆ ಕಾಯುವ ಅಗತ್ಯವಿಲ್ಲ.

ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಮುಚ್ಚಳವನ್ನು ಕೋತಿ ತೆಗೆಯುವುದು ನೀವೆಲ್ಲ ನೋಡಿದ್ದೀರಿ. ಮುಚ್ಚಳಕ್ಕೆ ತಂತಿ ಬಿಗಿಯಿರಿ. ಟ್ಯಾಂಕಿನ ತಳದ ಕೆಸರನ್ನು ಆಗಾಗ ತೊಳೆಯಿರಿ, ಕುಡಿಯುವ ನೀರನ್ನು ಕುದಿಸಿ.

ಹೌದು, ನಿಜವಾಗಿ ಮಂಗನದ್ದೇ ಆದ ಹುಳು ಒಂದಿದೆ

ಬರ್ಟಿಯೆಲ್ಲ ಎಂಬ ಲಾಡಿಹುಳು ಮಂಗಗಳ ಕರುಳಿನದು. ಅದು ಮನುಷ್ಯರಲ್ಲಿ, ಅದರಲ್ಲೂ ಮಕ್ಕಳಲ್ಲಿ ಕಂಡ ಪ್ರಕರಣಗಳು ನಮ್ಮ ದೇಶದಿಂದಲೂ ಶ್ರೀಲಂಕಾದಿಂದಲೂ ವರದಿಯಾಗಿವೆ. ಅಪರೂಪ, ಆದರೆ ಇದೆ. ಇದರ ದಾರಿ ವಿಚಿತ್ರ. ಮಂಗನ ಮಲದಲ್ಲಿ ಬಿದ್ದ ಮೊಟ್ಟೆಯನ್ನು ಮಣ್ಣಿನಲ್ಲಿರುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿಗಳು ತಿನ್ನುತ್ತವೆ. ಆ ನುಸಿಯ ಮೈಯಲ್ಲಿ ಹುಳುವಿನ ಮರಿ ಬೆಳೆಯುತ್ತದೆ. ಮಗು ಮರದಡಿ ಬಿದ್ದ ಪೇರಲೆಯನ್ನೋ ನೇರಳೆಯನ್ನೋ ಮಣ್ಣು ಒರೆಸಿ ಬಾಯಿಗೆ ಹಾಕಿಕೊಳ್ಳುತ್ತದೆ, ಜೊತೆಗೆ ನುಸಿಯೂ ಹೋಗುತ್ತದೆ. ಮಂಗ ಮುಟ್ಟಿದ್ದರಿಂದ ಅಲ್ಲ, ಮಂಗ ಓಡಾಡುವ ಮರದ ಕೆಳಗಿನ ಮಣ್ಣಿನಿಂದ.

ಲಕ್ಷಣ ಹೆಚ್ಚಾಗಿ ಏನೂ ಇರುವುದಿಲ್ಲ. ಮಗುವಿನ ಮಲದಲ್ಲಿ ಬಿಳಿ ಬಿಳಿ ಚೂರು ಕಾಣುತ್ತದೆ, ತಾಯಿ ಜಂತುಹುಳು ಎಂದು ಅಂಗಡಿಯಿಂದ ಮಾತ್ರೆ ತಂದು ಕೊಡುತ್ತಾಳೆ, ಮತ್ತೆ ಕಾಣುತ್ತದೆ. ಹೀಗೆ ಮಾತ್ರೆ ಕೊಟ್ಟ ಮೇಲೂ ಮತ್ತೆ ಮತ್ತೆ ಕಂಡರೆ ಆ ಚೂರನ್ನು ಒಂದು ಶುಚಿಯಾದ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ನಾಚಿಕೆ ಬೇಡ. ನೋಡಿ ಗುರುತಿಸಿದರೆ ಅದಕ್ಕೆ ಬೇರೆ ಮಾತ್ರೆ ಇದೆ, ವಾಸಿಯಾಗುತ್ತದೆ.

ಸ್ಟ್ರಾಂಜಿಲಾಯ್ಡಿಸ್‌ನಲ್ಲೂ ಮಂಗನ ಒಂದು ಜಾತಿ ಇದೆ, ಅದು ಆಫ್ರಿಕಾದಲ್ಲಿ ಮನುಷ್ಯರಿಗೂ ಬಂದದ್ದು ಗೊತ್ತಿದೆ. ಮನುಷ್ಯರ ಜಾತಿಯಂತೂ ನಮ್ಮಲ್ಲೇ ಇದೆ. ಬರಿಗಾಲಿನ ಚರ್ಮ ತೂರಿ ಒಳಗೆ ಬರುತ್ತದೆ, ಮೈಯೊಳಗೇ ಮರಿಮಾಡಿಕೊಂಡು ಹತ್ತಾರು ವರ್ಷ ಸದ್ದಿಲ್ಲದೆ ಇರಬಲ್ಲದು. ಇಲ್ಲಿ ಒಂದು ಎಚ್ಚರಿಕೆ. ಮಂಡಿನೋವು, ಉಬ್ಬಸಕ್ಕೆ ಎಂದು ಸ್ಟೀರಾಯ್ಡ್ ಮಾತ್ರೆಯನ್ನು ದೀರ್ಘಕಾಲ ತಿನ್ನುವವರಲ್ಲಿ ಈ ಹುಳು ಒಮ್ಮೆಲೇ ಮೈಯೆಲ್ಲ ಹಬ್ಬಿ ಪ್ರಾಣಕ್ಕೇ ತರಬಹುದು. ಕೇಳದೆ ಮಾಡದೆ ಅಂಗಡಿಯಿಂದ "ನೋವಿನ ಮಾತ್ರೆ" ತಂದು ತಿನ್ನುವ ನಮ್ಮ ಅಭ್ಯಾಸಕ್ಕೆ ಇದೂ ಒಂದು ಉತ್ತರ.

ಗಂಟುಹುಳುವಿನ ಕಥೆ ಬೇರೆ. ಆಫ್ರಿಕಾದ ಘಾನಾ, ಟೋಗೋ ದೇಶಗಳ ಉತ್ತರ ಭಾಗದಲ್ಲಿ ಜನರಿಗೂ ಮಂಗಗಳಿಗೂ ಒಂದೇ ಬಗೆಯ ಗಂಟುಹುಳು ಇತ್ತು. ಎಲ್ಲರೂ ಮಂಗನ ಮೇಲೇ ಬೆರಳು ತೋರಿಸಿದರು. ಆದರೆ ಘಾನಾದಲ್ಲಿ ಹುಳುಗಳ ವಂಶವಾಹಿಯನ್ನು ಪರೀಕ್ಷಿಸಿದಾಗ ಜನರ ಹುಳುವಿನ ವಂಶವೇ ಬೇರೆ, ಮಂಗನ ಹುಳುವಿನ ವಂಶವೇ ಬೇರೆ ಎಂದು ತಿಳಿಯಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಂಡರೂ ಒಂದೇ ಅಲ್ಲ. ನಾವು ಮೊದಲೇ "ಹಲವು ಬರುವುದಿಲ್ಲ" ಎಂದದ್ದು ಇಂಥ ಕಾರಣಕ್ಕೆ.

ಹಪ್ಪಳ ಮಾಡುವವರಿಗೆ

2015ರಲ್ಲಿ ಎಂಪಿಎಂ ಉತ್ಪಾದನೆ ನಿಂತ ಮೇಲೆ ಭದ್ರಾವತಿಯಲ್ಲಿ ಎಷ್ಟೋ ಮನೆಗಳು ಹೆಂಗಸರ ಸಣ್ಣ ದುಡಿಮೆಯ ಮೇಲೆ ನಿಂತಿವೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಸಾಂಬಾರ್ ಪುಡಿ. ಹಾಗಾಗಿ "ಮಂಗ ಓಡಾಡಿದ ಹಪ್ಪಳ" ಎಂಬ ಒಂದು ಮಾತು ಸಂತೆಯಲ್ಲಿ ಹಬ್ಬಿದರೆ ಸಂಘದ ವರ್ಷದ ಲಾಭ ಹೋದಂತೆ.

ಸತ್ಯ ಏನೆಂದರೆ, ಚೆನ್ನಾಗಿ ಬಿಸಿಲಿನಲ್ಲಿ ಒಣಗಿ ಕಾದ ಎಣ್ಣೆಯಲ್ಲಿ ಕರಿದ ಹಪ್ಪಳದಿಂದ ಹುಳು ಬರುವ ಭಯವಿಲ್ಲ. ಆದರೂ ಮಂಗ ತುಳಿದದ್ದು, ಕಚ್ಚಿದ್ದು, ಹೊಲಸು ಮಾಡಿದ್ದು ಮಾರಾಟಕ್ಕೆ ಹೋಗಬಾರದು. ಐವತ್ತು ಹಪ್ಪಳ ಹೋದರೆ ಹೋಗಲಿ, ಹೆಸರು ಹೋಗಬಾರದು. ಹಳೇ ಸೊಳ್ಳೆಪರದೆಯನ್ನು ನಾಲ್ಕು ಕೋಲಿಗೆ ಬಿಗಿದು ಅದರೊಳಗೆ ಒಣಗಿಸಿದರೆ ನೊಣ, ಕಾಗೆಗೂ ತಡೆ. ಕೋತಿ ಹರಿದೇ ತೀರುತ್ತದೆ ಎನ್ನುವ ಕಡೆ ಕೋಳಿಗೂಡಿನ ತಂತಿಜಾಲರಿ ಬೇಕು. ಎರಡು ಮೂರು ಸಂಘ ಸೇರಿ ಸಾಲ ತೆಗೆದು ಒಂದು ಜಾಲರಿ ಚೌಕಟ್ಟು ಮಾಡಿಸಿಕೊಳ್ಳುವುದು ದುಂದುವೆಚ್ಚವಲ್ಲ ಎಂಬುದು ನಮ್ಮ ಅಭಿಪ್ರಾಯ.

ಹೆಚ್ಚು ಎಚ್ಚರ ಬೇಕಾದದ್ದು ಬೇಯಿಸದ ಪದಾರ್ಥಕ್ಕೆ. ಅಪ್ಪೆಮಿಡಿಯನ್ನು ಮರದಿಂದ ಇಳಿಸುವಾಗ ಮಣ್ಣಿಗೆ ಬಿದ್ದೇ ಬೀಳುತ್ತದೆ. ಉಪ್ಪು ಹಾಕಿದರೆ ಎಲ್ಲಾ ಸಾಯುತ್ತದೆ ಎಂದು ನಂಬಿ ಕೂರಬೇಡಿ, ಮೊದಲು ಹರಿಯುವ ನೀರಿನಲ್ಲಿ ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಕೋಸಂಬರಿಗೆ ಹಾಕುವ ಸೊಪ್ಪು, ಸೌತೆಕಾಯಿಗೂ ಇದೇ ಮಾತು. ಮಂಗ ಕಚ್ಚಿ ಬಿಸಾಡಿದ ಹಣ್ಣನ್ನು "ಆ ಕಡೆ ಚೆನ್ನಾಗಿದೆ" ಎಂದು ಕೊಯ್ದು ಮಕ್ಕಳಿಗೆ ಕೊಡಬೇಡಿ.

ರಕ್ತ ಹೀರುವುದು ಮಂಗನ ಹುಳುವಲ್ಲ

ಇಷ್ಟು ಹೇಳಿದ ಮೇಲೆ ನಿಜವಾದ ಶತ್ರುವಿನ ಮಾತಿಗೆ ಬರಬೇಕು. ಕೊಕ್ಕೆಹುಳು. ಇದು ನಮ್ಮಲ್ಲಿ ಹರಡುವುದು ಬಯಲಿನಲ್ಲಿ ಕೂತು ಬರುವ ಮನುಷ್ಯರಿಂದ, ಮಂಗನಿಂದಲ್ಲ. ಮಲದಲ್ಲಿನ ಮೊಟ್ಟೆ ತೇವದ ಮಣ್ಣಿನಲ್ಲಿ ಒಂದೆರಡು ದಿನಕ್ಕೇ ಒಡೆದು, ವಾರ ಹತ್ತು ದಿನದಲ್ಲಿ ಮರಿ ಸಿದ್ಧವಾಗಿ, ಬರಿಗಾಲು ಸಿಕ್ಕರೆ ಬೆರಳ ಸಂದಿಯಿಂದ ಒಳಗೆ ತೂರುತ್ತದೆ. ಮೊದಲು ಅಲ್ಲಿ ಕಡಿತ, ಆಮೇಲೆ ಮರೆತೇ ಹೋಗುತ್ತದೆ. ಅಡಿಕೆ ತೋಟದಲ್ಲಿ ಹೆಕ್ಕುವವರು, ಶುಂಠಿ ಗದ್ದೆಗೆ ಕೂಲಿ ಹೋಗುವವರು, ಗದ್ದೆ ನಾಟಿಯವರು ಎಲ್ಲರೂ ನಮ್ಮ ಸಂಘದವರೇ ಅಲ್ಲವೇ?

ಒಂದು ಕೊಕ್ಕೆಹುಳು ದಿನಕ್ಕೆ ಕಳೆಯುವ ರಕ್ತ, ಸಣ್ಣ ಜಾತಿಯದಾದರೆ ಅರ್ಧ ಹನಿ, ದೊಡ್ಡದಾದರೆ ನಾಲ್ಕು ಹನಿಯಷ್ಟು. ಕೇಳೋಕೆ ಏನೂ ಅಲ್ಲ. ಆದರೆ ಸಣ್ಣ ಜಾತಿಯವೇ ನೂರು ಇದ್ದರೆ ತಿಂಗಳಿಗೆ 90 ಮಿಲಿ, ಹೆಚ್ಚುಕಡಿಮೆ ಅರ್ಧ ಲೋಟ ರಕ್ತ. ತಿಂಗಳ ಮುಟ್ಟಿನಲ್ಲಿ ಹೋಗುವುದರ ಜೊತೆಗೆ ಇದೂ ಸೇರಿತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಊಟ ಸಾಲದಿರುವುದು, ಹೆಂಗಸು ಕೊನೆಗೆ ಉಣ್ಣುವುದು ಇದಕ್ಕೆ ದೊಡ್ಡ ಕಾರಣ. ಹುಳು ಅದರ ಮೇಲೆ ಬರೆ ಎಳೆಯುತ್ತದೆ. ಮಧ್ಯಾಹ್ನಕ್ಕೇ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣೊಳಗೆ ಬಿಳಿಚಿಕೊಂಡಿರುವುದು, ಇವನ್ನು "ನನ್ನ ಜೀವ ಹಿಂಗೇ" ಎಂದು ಒಪ್ಪಿಕೊಂಡುಬಿಡುವ ಸದಸ್ಯೆಯರನ್ನು ನಾವು ಎಷ್ಟೋ ಜನ ನೋಡಿದ್ದೇವೆ. ಜೀವ ಹಿಂಗೇ ಅಲ್ಲ. ಹಿಮೋಗ್ಲೋಬಿನ್ 12 ಇರಬೇಕು, ಬಸುರಿಗೆ 11. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ, ಜೊತೆಗೆ ಮಲ ಪರೀಕ್ಷೆಗೂ ಕೇಳಿ.

ಮಕ್ಕಳ ವಿಚಾರದಲ್ಲಿ ಸರ್ಕಾರ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಸುತ್ತಿದೆ. ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಉಚಿತ. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಮಾತ್ರೆ ಪುಡಿಮಾಡಿ ನೀರಿನಲ್ಲಿ, ಅದಕ್ಕೆ ಮೇಲ್ಪಟ್ಟವರಿಗೆ 400 ಮಿಲಿಗ್ರಾಂನ ಒಂದು ಇಡೀ ಮಾತ್ರೆ, ಚೀಪಿ ಅಗಿದು. ಮಾತ್ರೆ ತಿಂದ ಮೇಲೆ ಕೆಲವು ಮಕ್ಕಳಿಗೆ ಹೊಟ್ಟೆನೋವು, ವಾಕರಿಕೆ ಆಗುವುದುಂಟು. ಹೊಟ್ಟೆಯಲ್ಲಿ ಹುಳು ಜಾಸ್ತಿ ಇದ್ದವರಿಗೇ ಅದು ಹೆಚ್ಚು, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಅದಕ್ಕೆ ಹೆದರಿ ಆ ದಿನ ಮಗುವನ್ನು ಶಾಲೆಗೆ ಕಳಿಸದಿರುವುದು ಸರಿಯಲ್ಲ. ಜ್ವರ, ಕಾಯಿಲೆ ಇದ್ದ ಮಗುವಿಗೆ ಮಾತ್ರ ಅವತ್ತು ಕೊಡುವುದಿಲ್ಲ, ಗುಣವಾದ ಮೇಲೆ ಕೊಡುತ್ತಾರೆ. ಬಸುರಿಯರು ಮೊದಲ ಮೂರು ತಿಂಗಳು ಈ ಮಾತ್ರೆ ತೆಗೆದುಕೊಳ್ಳಬಾರದು. ಆಮೇಲೆ ಡಾಕ್ಟರು, ಎಎನ್ಎಂ ಹೇಳಿದಂತೆ. ಮಾತ್ರೆ ನುಂಗಿದ ಮಾರನೇ ದಿನದಿಂದಲೇ ಬರಿಗಾಲಿನಲ್ಲಿ ತೋಟಕ್ಕೆ ಹೋದರೆ ಹುಳು ಮತ್ತೆ ಬರುತ್ತದೆ, ಮಾತ್ರೆಗೆ ಆ ಶಕ್ತಿ ಇಲ್ಲ.

ಚಪ್ಪಲಿ ಹಾಕಿ ಎಂದರೆ "ಕೆಸರಲ್ಲಿ ಚಪ್ಪಲಿ ನಿಲ್ಲುತ್ತಾ ಸಿಸ್ಟರ್?" ಎನ್ನುತ್ತೀರಿ. ನಿಲ್ಲುವುದಿಲ್ಲ, ಒಪ್ಪಿದೆವು. ರಬ್ಬರ್ ಗಂಬೂಟ್ ತೋಟದ ಯಜಮಾನರು ಕೊಡಲಿ ಎಂದು ಕೂಲಿ ಮಾತಾಡುವಾಗಲೇ ಗುಂಪಾಗಿ ಕೇಳಿ. ಒಬ್ಬಳು ಕೇಳಿದರೆ ಕೊಬ್ಬು ಎನ್ನುತ್ತಾರೆ, ಇಪ್ಪತ್ತು ಜನ ಕೇಳಿದರೆ ಯೋಚಿಸುತ್ತಾರೆ.

ಮಂಗಕ್ಕೆ ಬಾಳೆಹಣ್ಣು

ಕೊನೆಯದಾಗಿ ಒಂದು ಸೂಕ್ಷ್ಮ ವಿಷಯ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ಹನುಮಂತ ಎಂದು ಕೈಮುಗಿದು ಹಣ್ಣು ಕೊಡುವ ಅಕ್ಕಂದಿರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಸಂತ ಫ್ರಾನ್ಸಿಸ್ ಅಸ್ಸಿಸಿಯವರೂ ಪ್ರಾಣಿಗಳನ್ನು ಅಣ್ಣ, ತಮ್ಮ ಎಂದು ಕರೆದವರೇ. ಆದರೆ ಕೈಯಿಂದ ತಿನ್ನಿಸುವುದರಿಂದ ಮಂಗಕ್ಕೆ ಒಳ್ಳೆಯದಾಗುವುದಿಲ್ಲ. ಒಂದೇ ಜಾಗದಲ್ಲಿ ದೊಡ್ಡ ಗುಂಪು ಸೇರುತ್ತದೆ, ಅಲ್ಲೇ ಮಲ ಮಾಡುತ್ತದೆ, ಅಲ್ಲೇ ನೆಲದಿಂದ ಹೆಕ್ಕಿ ತಿನ್ನುತ್ತದೆ. ಒಂದರ ಹುಳು ಎಲ್ಲಕ್ಕೂ. ಜನರ ಭಯವೂ ಹೋಗಿ ಕೈಯಲ್ಲಿನ ಚೀಲ ಕಸಿಯುತ್ತದೆ, ಕಚ್ಚುತ್ತದೆ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ. ರೇಬೀಸ್ ಚುಚ್ಚುಮದ್ದು ನಾಯಿ ಕಚ್ಚಿದವರಿಗೆ ಮಾತ್ರ ಅಲ್ಲ. ಅರಿಶಿನ, ಸುಣ್ಣ ಮೆತ್ತಿಕೊಂಡು ಮನೆಯಲ್ಲಿ ಕೂರಬೇಡಿ.

ಕಸದ ಮಾತೂ ಇದರ ಜೊತೆಗೇ ಬರುತ್ತದೆ. ಅನ್ನ, ಮಕ್ಕಳ ಡಯಾಪರ್ ಎಲ್ಲವನ್ನೂ ಒಂದೇ ಕವರಿನಲ್ಲಿ ಕಟ್ಟಿ ಮೂಲೆಗೆ ಎಸೆದರೆ ಅದನ್ನು ಹರಿಯುವುದು ಕೋತಿ, ನಾಯಿ. ನಮ್ಮ ಮಗುವಿನ ಹುಳು ಕೋತಿಗೆ ಹೋಗುವ ದಾರಿ ಇದು. ಹಸಿಕಸವನ್ನು ಬೇರೆ ಇಟ್ಟು ಗಾಡಿ ಬಂದಾಗಲೇ ಕೊಡಿ. ಗಾಡಿ ಬಾರದ ಓಣಿಯವರು ಸಂಘದ ಠರಾವು ಬರೆದು, ಎಲ್ಲರ ಸಹಿ ಹಾಕಿಸಿ ಪಾಲಿಕೆಗೋ ನಗರಸಭೆಗೋ ಕೊಡಿ.

ಮುಂದಿನ ಜಂತುಹುಳು ನಿವಾರಣಾ ದಿನ ಫೆಬ್ರವರಿ 10 ಇಲ್ಲವೇ ಆಗಸ್ಟ್ 10ರ ಆಸುಪಾಸಿಗೆ ಬರುತ್ತದೆ. ಅದರ ಹಿಂದಿನ ಸಭೆಯಲ್ಲಿ ಪ್ರತಿ ಸಂಘದವರೂ ತಮ್ಮ ಓಣಿಯ ಮಕ್ಕಳ ಪಟ್ಟಿ ಬರೆದಿಡಿ. ಶಾಲೆ ಬಿಟ್ಟ ಮಕ್ಕಳು, ಕೂಲಿಗೆ ಬಂದು ಗುಡಿಸಲು ಹಾಕಿಕೊಂಡವರ ಮಕ್ಕಳು ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ಅವರ ಹೆಸರನ್ನೂ ಮರೆಯದೆ ಸೇರಿಸಿ ಅಂಗನವಾಡಿ ಶಿಕ್ಷಕಿಯ ಕೈಗೆ ಕೊಡಿ.